ಬೈಕುಲ್ಲಾ ಪರಿಸರದ ದುಡಿಮೆಗಾರರು: ಉದ್ಯೋಗರಕ್ಷಣೆ ಹಾಗೂ ಏಳಿಗೆಯ ಒಂದು ಐತಿಹಾಸಿಕ ಪರಾಮರ್ಶೆ

ಮುಂಬಯಿ ಕನ್ನಡಿಗರ ಇತಿಹಾಸವನ್ನು ಬರೆಯಹೊರಟವರು ಸಾಮಾನ್ಯವಾಗಿ ಸಂಘಸಂಸ್ಥೆಗಳ ಸ್ಥಾಪನೆಯಿಂದ ಪ್ರಾರಂಭಿಸುತ್ತಾರೆ. 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರಲ್ಲಿ ಮೈಸೂರು ಅಸೋಸಿಯೇಶನ್, 1927ರಲ್ಲಿ ಬಂಟರ ಸಂಘ, 1932ರಲ್ಲಿ ಬಿಲ್ಲವರ ಅಸೋಸಿಯೇಶನ್, 1933ರಲ್ಲಿ ಕರ್ನಾಟಕ ಸಂಘ: ಈ ಕ್ರಮವು ನಮ್ಮೆಲ್ಲರಿಗೂ ಪರಿಚಿತವಾದುದೇ. ಸಂಸ್ಥೆಗಳ ಇತಿಹಾಸದ ಬೆನ್ನಿಗೆ ಬರುವುದು ವ್ಯಕ್ತಿಗಳ ಇತಿಹಾಸ. ತುಳುನಾಡಿನ ಹಳ್ಳಿಯೊಂದರಿಂದ ಹನ್ನೆರಡರ ಹರೆಯದಲ್ಲಿ ಹೊರಟುಬಂದ ಹುಡುಗನೊಬ್ಬನು ಹೋಟೆಲಿನಲ್ಲಿ ತಟ್ಟೆ ಲೋಟಗಳನ್ನು ತೊಳೆದು, ರಾತ್ರಿ ಶಾಲೆಯಲ್ಲಿ ಕಲಿತು, ಕೊನೆಗೆ ತಾನೇ ಹೋಟೆಲಿನ ಧಣಿಯೋ, ವಕೀಲನೋ, ಬ್ಯಾಂಕಿನ ಅಧಿಕಾರಿಯೋ, ಪ್ರಾಧ್ಯಾಪಕನೋ ಆದನೆಂಬ ಕಥೆ ಅದು. ಸನ್ಮಾನ ಸಮಾರಂಭಗಳಲ್ಲಿ, ಅಭಿನಂದನ ಗ್ರಂಥಗಳಲ್ಲಿ ನಾವು ಅದನ್ನು ಅದೆಷ್ಟು ಬಾರಿ ಕೇಳಿದ್ದೇವೆ, ಓದಿದ್ದೇವೆ! ಈ ಕಥೆ ಸುಳ್ಳಲ್ಲ. ವಾಚಕರಲ್ಲಿ ಹಲವರು ಅದೇ ಹಾದಿಯಲ್ಲಿ ನಡೆದವರು, ಇಲ್ಲವೇ ನಡೆದವರ ಮಕ್ಕಳು. ಆದರೆ ಅದು ಅರ್ಧಸತ್ಯ. ಅದೇ ಹುಡುಗನ ಪಕ್ಕದಲ್ಲಿ ಕುಳಿತು ತಟ್ಟೆ ತೊಳೆದ ಇನ್ನೊಬ್ಬನು ಇಪ್ಪತ್ತು ವರ್ಷಗಳ ತರುವಾಯವೂ ಅಲ್ಲಿಯೇ ಏಕೆ ಉಳಿದನೆಂಬ ಪ್ರಶ್ನೆಯನ್ನು ಈ ಕಥೆ ಕೇಳುವುದಿಲ್ಲ. ಒಬ್ಬನ ಏಳಿಗೆಯನ್ನು ಅವನ ಶ್ರದ್ಧೆಯ ಫಲವೆಂದು ಹೊಗಳಿದ ಕೂಡಲೆ ಇನ್ನೊಬ್ಬನ ಹಿಂದುಳಿಕೆಯನ್ನು ಅವನ ಸೋಮಾರಿತನದ ಫಲವೆಂದು ಮೌನವಾಗಿ ತೀರ್ಮಾನಿಸಿದಂತಾಗುತ್ತದೆ.

ಪ್ರಸ್ತುತ ಲೇಖನದ ಉದ್ದೇಶವು ಈ ತೀರ್ಮಾನವನ್ನು ಪರೀಕ್ಷಿಸುವುದು. ಕಡಿಮೆ ಕೂಲಿಯ ದುಡಿಮೆಗಾರನು ಸಿಕ್ಕಿದ ಕೆಲಸವನ್ನು ಉಳಿಸಿಕೊಂಡು ಮೇಲಕ್ಕೇರಬೇಕಾದರೆ ಮೂರು ಅನುಕೂಲತೆಗಳು ಬೇಕೆಂದು ಈ ನಗರದ ಇತಿಹಾಸವು ತೋರಿಸುತ್ತದೆ. ನಾಳೆಯೂ ಕೆಲಸವುಂಟೆಂಬ ಲಿಖಿತ ಭರವಸೆಯು ಮೊದಲನೆಯದು. ದಿನದಲ್ಲಿ ತನ್ನದೆಂದು ಹೇಳಿಕೊಳ್ಳಬಹುದಾದ ಒಂದಿಷ್ಟು ಹೊತ್ತು ಎರಡನೆಯದು. ಆ ಹೊತ್ತಿನಲ್ಲಿ ಕೈಗೆಟಕುವ ಕಲಿಕೆ ಮೂರನೆಯದು. ಇವುಗಳಲ್ಲಿ ಒಂದು ಇಲ್ಲವಾದರೂ ಉಳಿದೆರಡು ಬಹುಮಟ್ಟಿಗೆ ನಿಷ್ಫಲವಾಗುತ್ತವೆ. ಈ ಮಾತನ್ನು ಪರಿಶೀಲಿಸಲು ಬೈಕುಲ್ಲಾ ಹಾಗೂ ಅದರ ಸುತ್ತಲಿನ ಪ್ರದೇಶಕ್ಕಿಂತ ಅನುಕೂಲವಾದ ಕ್ಷೇತ್ರವು ಮುಂಬಯಿಯಲ್ಲಿ ಬೇರೊಂದು ದೊರೆಯಲಾರದು.

1. ಸ್ಥಳದ ಪರಿಚಯ

1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಗೆ ಹೊರಟ ಮೊದಲ ರೈಲುಗಾಡಿಯು ಬೈಕುಲ್ಲಾವನ್ನು ಹಾದುಹೋಯಿತು. ಆಗ ಇದು ಬಂಗಲೆಗಳ ಹಾಗೂ ಕ್ಲಬ್ಬಿನ ಬಡಾವಣೆ. 1862ರಲ್ಲಿ ಇಲ್ಲಿ ವಿಕ್ಟೋರಿಯಾ ಉದ್ಯಾನವು ತೆರೆಯಿತು. ಅದುವೇ ಇಂದಿನ ಜೀಜಾಮಾತಾ ಉದ್ಯಾನ, ಜನರ ಬಾಯಲ್ಲಿ ರಾಣಿಬಾಗ್. 1872ರಲ್ಲಿ ಅದೇ ಆವರಣದಲ್ಲಿ ಈಗ ಭಾವು ದಾಜಿ ಲಾಡ್ ಅವರ ಹೆಸರನ್ನು ಹೊತ್ತಿರುವ ವಸ್ತುಸಂಗ್ರಹಾಲಯವು ಪ್ರಾರಂಭವಾಯಿತು. ಆದರೆ ಬಂಗಲೆಗಳ ಬೈಕುಲ್ಲಾ ಹೆಚ್ಚು ಕಾಲ ಉಳಿಯಲಿಲ್ಲ. ತಾರ್ದೇವದಲ್ಲಿ ಕಾವಸ್‌ಜಿ ದಾವರರು 1854ರಲ್ಲಿ ಸಂಕಲ್ಪಿಸಿದ ಹತ್ತಿಯ ಗಿರಣಿಯು 1856ರಲ್ಲಿ ಕೆಲಸ ಆರಂಭಿಸಿತು. ಆ ಶತಮಾನವು ಮುಗಿಯುವ ವೇಳೆಗೆ ನಗರದಲ್ಲಿ ಸುಮಾರು 80 ಗಿರಣಿಗಳಿದ್ದವು. ಬೈಕುಲ್ಲಾದ ಪಶ್ಚಿಮಕ್ಕೂ ಉತ್ತರಕ್ಕೂ ಗಿರಣಿಗಳ ಚಿಮಣಿಗಳು ಎದ್ದವು. ಪೂರ್ವದಲ್ಲಿ, ಮಝಗಾಂವದಿಂದ ತೆಂಕಣಕ್ಕೆ, ಬಂದರುಕಟ್ಟೆಗಳು ವಿಸ್ತಾರಗೊಂಡವು. 1880ರಲ್ಲಿ ಪ್ರಿನ್ಸಸ್ ಡಾಕ್, 1914ರಲ್ಲಿ ಅಲೆಕ್ಸಾಂಡ್ರಾ ಡಾಕ್ ತೆರೆದವು. ಗಿರಣಿಗೂ ಬಂದರಿಗೂ ನಡುವೆ ಬಿದ್ದ ಬೈಕುಲ್ಲಾ ಹೀಗೆ ಚಾಳುಗಳ, ಖಾನಾವಳಿಗಳ, ಚಹಾದ ಅಂಗಡಿಗಳ ಬಡಾವಣೆಯಾಯಿತು.

ಈ ಪ್ರದೇಶಕ್ಕೆ ಕನ್ನಡ ನಾಡಿನಿಂದ ಬಂದ ಜನರ ಹಾದಿಗಳು ಬೇರೆಬೇರೆ. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದವು. ಆ ಜಿಲ್ಲೆಗಳವರಿಗೆ ಇದು ಪರಸ್ಥಳವಲ್ಲ, ತಮ್ಮದೇ ಪ್ರಾಂತದ ರಾಜಧಾನಿ. ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡದವರಾದರೋ ಸಮುದ್ರಮಾರ್ಗವಾಗಿ ಬಂದರು. ನಿಜಾಮನ ಸೀಮೆಯ ಕಲಬುರ್ಗಿ ರಾಯಚೂರುಗಳ ಕಡೆಯವರಿಗೆ 1871ರಲ್ಲಿ ರಾಯಚೂರಿನವರೆಗೆ ಮುಂದುವರಿದ ರೈಲುಮಾರ್ಗವು ದಾರಿಯಾಯಿತು. ಗಿರಣಿಗಳಲ್ಲಿ ರತ್ನಾಗಿರಿ ಸಾತಾರೆಗಳ ಮರಾಠಿ ಜನರೇ ಬಹುಸಂಖ್ಯಾತರು. ಕನ್ನಡಿಗರು ಅಲ್ಲಿ ಅಲ್ಪಸಂಖ್ಯಾತರು. ಕರಾವಳಿಯವರು ಹೋಟೆಲುಗಳಲ್ಲಿಯೂ ಬಂದರಿನಲ್ಲಿಯೂ ಹೆಚ್ಚಾಗಿ ನೆಲೆಗೊಂಡರು.

ಬೈಕುಲ್ಲಾದಲ್ಲಿ, ರಾಣಿಬಾಗಿನ ಎದುರಿಗೆ, ಒಂದು ಭವ್ಯವಾದ ಕಟ್ಟಡವಿದೆ. ಮೊದಲು ಎಲ್ಫಿನ್‌ಸ್ಟನ್ ಕಾಲೇಜಿಗಾಗಿ ಕಟ್ಟಿದ ಈ ಕಟ್ಟಡವು ತರುವಾಯ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನ ಮನೆಯಾಯಿತು. ಈಗ ಅದು ರೈಲ್ವೆ ಆಸ್ಪತ್ರೆ. 1887ರಲ್ಲಿ ಸ್ಥಾಪಿತವಾದ ಆ ಸಂಸ್ಥೆಯು 1923ರಲ್ಲಿ ಮಾಟುಂಗಕ್ಕೆ ಹೋಗುವವರೆಗೆ ಬೈಕುಲ್ಲಾದಲ್ಲಿಯೇ ಇದ್ದಿತು. ಯಂತ್ರವಿದ್ಯೆಯನ್ನೂ ನೂಲುವ ನೇಯುವ ಶಾಸ್ತ್ರವನ್ನೂ ಕಲಿಸಿ, ಗಿರಣಿಗಳಿಗೆ ದೇಶೀಯ ತಂತ್ರಜ್ಞರನ್ನು ಒದಗಿಸುವುದು ಅದರ ಧ್ಯೇಯ. ಆ ಧ್ಯೇಯವನ್ನು ಅದು ಸಾಧಿಸಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಪಾಠವು ಇಂಗ್ಲಿಷಿನಲ್ಲಿ, ವೇಳೆಯು ಹಗಲಿನಲ್ಲಿ. ಅದರ ಗೋಡೆಯ ಪಕ್ಕದಲ್ಲಿಯೇ ಬೆಳಗಿನ ಜಾವ ಗಿರಣಿಗೆ ನಡೆಯುತ್ತಿದ್ದ ಮಗ್ಗದ ಕೂಲಿಕಾರನು ಆ ಬಾಗಿಲನ್ನು ದಾಟುವಂತಿರಲಿಲ್ಲ. ವಿದ್ಯೆಯು ಹತ್ತಿರವಿದ್ದ ಮಾತ್ರಕ್ಕೆ ಕೈಗೆಟಕಿದಂತಾಗುವುದಿಲ್ಲ. ಅದಕ್ಕೆ ಹೊತ್ತು ಬೇಕು; ಭಾಷೆ ಬೇಕು; ಕಲಿಯಹೋದರೆ ಕೆಲಸ ಹೋಗಲಾರದೆಂಬ ಧೈರ್ಯವೂ ಬೇಕು.

2. ಮುಕದ್ದಮ, ಬದಲಿ ಮತ್ತು ಚೀಟಿ

ಆ ಧೈರ್ಯವು ಗಿರಣಿಯ ಕೂಲಿಕಾರನಿಗೆ ಏಕಿರಲಿಲ್ಲವೆಂಬುದನ್ನು ತಿಳಿಯಲು ಅವನು ಕೆಲಸಕ್ಕೆ ಸೇರುತ್ತಿದ್ದ ಕ್ರಮವನ್ನು ನೋಡಬೇಕು. ಅವನನ್ನು ನೇಮಿಸಿಕೊಳ್ಳುತ್ತಿದ್ದವನು ಮಾಲಿಕನಲ್ಲ. ಜಾಬರನೆಂದೂ ಮುಕದ್ದಮನೆಂದೂ ಕರೆಯಿಸಿಕೊಳ್ಳುತ್ತಿದ್ದ ಮಧ್ಯಸ್ಥ. ಊರಿನಿಂದ ಜನರನ್ನು ಕರೆತರುವವನು, ಕೆಲಸಕ್ಕೆ ಹಚ್ಚುವವನು, ಬಿಡಿಸುವವನು, ಅನೇಕ ವೇಳೆ ಸಾಲ ಕೊಡುವವನೂ ಅವನೇ. ಕೆಲಸವನ್ನು ಉಳಿಸಿಕೊಳ್ಳಬೇಕಾದರೆ ಅವನ ಕೈಬೆಚ್ಚಗಾಗಬೇಕಿತ್ತು. ಇದರ ಮೇಲೆ ಬದಲಿಯ ಪದ್ಧತಿ. ಕಾಯಂ ಕೆಲಸಗಾರನು ಬಾರದ ದಿನ ಅವನ ಸ್ಥಾನದಲ್ಲಿ ನಿಲ್ಲುವವನೇ ಬದಲಿ. ಅವನು ನಿತ್ಯವೂ ಮುಂಜಾನೆ ಗಿರಣಿಯ ಬಾಗಿಲಿಗೆ ಹೋಗಿ ನಿಲ್ಲಬೇಕು; ಕರೆದರೆ ಕೂಲಿ, ಕರೆಯದಿದ್ದರೆ ಬರಿಗೈ. ಯಾರನ್ನು ಕರೆಯಬೇಕೆಂಬುದು ಮುಕದ್ದಮನ ಇಚ್ಛೆ. ಇಂಥವನಿಗೆ ‘ಕೆಲಸದಲ್ಲಿ ಮುಂದೆ ಬಾ’ ಎಂದು ಉಪದೇಶಿಸಿದರೆ ಪ್ರಯೋಜನವೇನು? ಅವನಿಗೆ ಕೆಲಸವೆಂಬುದು ಇರುತ್ತಿದ್ದುದು ಆ ಒಂದು ದಿನದ ಮಟ್ಟಿಗೆ ಮಾತ್ರ.

ಈ ಸ್ಥಿತಿಯು ಬದಲಾದುದು ಬಹು ನಿಧಾನವಾಗಿ. ಮೊದಲು ದೊರೆತುದು ಹೊತ್ತು. ನಾರಾಯಣ ಮೇಘಾಜಿ ಲೋಖಂಡೆಯವರ ನೇತೃತ್ವದ ಚಳವಳಿಯ ಫಲವಾಗಿ 1890ರಲ್ಲಿ ಗಿರಣಿಯ ಮಾಲಿಕರು ವಾರಕ್ಕೊಂದು ದಿನದ ರಜೆಯನ್ನು ಒಪ್ಪಿಕೊಂಡರು. 1911ರ ಕಾಯಿದೆಯು ಬಟ್ಟೆಯ ಗಿರಣಿಗಳಲ್ಲಿ ವಯಸ್ಕ ಗಂಡಸಿನ ದಿನದ ದುಡಿಮೆಯನ್ನು 12 ಗಂಟೆಗಳಿಗೆ ಮಿತಗೊಳಿಸಿತು. 1922ರಲ್ಲಿ ಅದು 11 ಗಂಟೆಗೂ, 1934ರಲ್ಲಿ 10 ಗಂಟೆಗೂ, 1946ರಲ್ಲಿ 9 ಗಂಟೆಗೂ ಇಳಿಯಿತು. ಒಬ್ಬ ಕೂಲಿಕಾರನ ಬದುಕಿನ ಅಳತೆಯಲ್ಲಿ ಹೇಳುವುದಾದರೆ, 1911ರಲ್ಲಿ ಹದಿನೈದರ ಹರೆಯದಲ್ಲಿದ್ದ ಹುಡುಗನು ಐವತ್ತನ್ನು ಮುಟ್ಟಿದ ಮೇಲೆ ದಿನಕ್ಕೆ ಮೂರು ಗಂಟೆಗಳನ್ನು ಹಿಂದಕ್ಕೆ ಪಡೆದನು.

ಲಿಖಿತ ಭರವಸೆಯು ಬಂದುದು ಅದಕ್ಕಿಂತಲೂ ತಡವಾಗಿ. 1931ರಲ್ಲಿ ವರದಿಯನ್ನೊಪ್ಪಿಸಿದ ವ್ಹಿಟ್ಲಿಯವರ ಅಧ್ಯಕ್ಷತೆಯ ರಾಯಲ್ ಆಯೋಗವು ಮುಕದ್ದಮನ ಅಧಿಕಾರವನ್ನು ಕಟುವಾಗಿ ಟೀಕಿಸಿತು. 1935ರಲ್ಲಿ ಗಿರಣಿ ಮಾಲಿಕರ ಸಂಘವು ಬದಲಿಯವರಿಗೆ ಚೀಟಿ ಕೊಡುವ ಕ್ರಮವನ್ನು ಆರಂಭಿಸಿತು. ತಿಂಗಳ ಮೊದಲ ದಿನ ಗೊತ್ತಾದ ಸಂಖ್ಯೆಯ ಜನರಿಗೆ ಚೀಟಿ. ಕೆಲಸ ತೆರವಾದಾಗ ಚೀಟಿಯುಳ್ಳವರಿಗೆ ಮೊದಲ ಅವಕಾಶ. 1950ರಲ್ಲಿ ಸರ್ಕಾರವೇ ಮುಂದೆ ಬಂದು ಬದಲಿಯವರ ಹೆಸರುಗಳನ್ನು ನೋಂದಾಯಿಸಿ, ಗಿರಣಿಗಳಿಗೆ ಸರದಿಯ ಮೇಲೆ ಕಳುಹಿಸುವ ಯೋಜನೆಯನ್ನು ನಗರದಲ್ಲಿ ಜಾರಿಗೆ ತಂದಿತು. ನೋಡುವವರಿಗೆ ಇದೊಂದು ಕಾಗದದ ತುಂಡು. ಆದರೆ ವ್ಯಕ್ತಿಯ ಇಚ್ಛೆಯ ಸ್ಥಾನದಲ್ಲಿ ಪಟ್ಟಿಯ ಕ್ರಮವನ್ನು ನಿಲ್ಲಿಸಿದುದೇ ಅದರ ಮಹತ್ವ. ಮುಕದ್ದಮನನ್ನು ಓಲೈಸುವುದರಲ್ಲಿ ಕಳೆಯುತ್ತಿದ್ದ ಬುದ್ಧಿಯೂ ಹಣವೂ ಬೇರೆ ಕಡೆಗೆ ತಿರುಗಲು ಅದರಿಂದ ಸಾಧ್ಯವಾಯಿತು.

3. ಬಂದರುಕಟ್ಟೆಯ ಪಟ್ಟಿ

ಇದೇ ಬಗೆಯ ಬದಲಾವಣೆಯು ಬೈಕುಲ್ಲಾದ ಪೂರ್ವದಲ್ಲಿ, ಬಂದರಿನಲ್ಲಿ, ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಅದರಲ್ಲಿ ನಮ್ಮ ಕರಾವಳಿಯ ಪಾತ್ರವೂ ದೊಡ್ಡದು. ಹಡಗಿನ ಸರಕನ್ನು ಇಳಿಸುವ ಏರಿಸುವ ಕೆಲಸಕ್ಕೆ ಜನರನ್ನು ತಂಡತಂಡವಾಗಿ ಒದಗಿಸುತ್ತಿದ್ದವರು ‘ತೋಲಿವಾಲಾ’ ಎಂಬ ಗುತ್ತಿಗೆದಾರರು. ಹಡಗು ಬಂದರೆ ಕೆಲಸ, ಇಲ್ಲವಾದರೆ ಉಪವಾಸ. ಮಂಗಳೂರಿನ ಕಡೆಯಿಂದ ಬಂದ ಪಿ. ಡಿಮೆಲ್ಲೊ ಅವರು ಈ ಜನರನ್ನು ಸಂಘಟಿಸಿದರು. 1948ರಲ್ಲಿ ಬಂದರು ಕಾರ್ಮಿಕರ ಉದ್ಯೋಗ ನಿಯಂತ್ರಣದ ಕಾಯಿದೆಯು ಆಯಿತು. ಅದರ ಮೇರೆಗೆ 1951ರಲ್ಲಿ ಮುಂಬಯಿಯಲ್ಲಿ ಯೋಜನೆಯು ರೂಪುಗೊಂಡು, ಸರ್ಕಾರ, ಮಾಲಿಕರು, ಕಾರ್ಮಿಕರು ಈ ಮೂವರ ಪ್ರತಿನಿಧಿಗಳುಳ್ಳ ಮಂಡಳಿಯೊಂದು ಕಾರ್ಮಿಕರ ಪಟ್ಟಿಯನ್ನು ಇಡತೊಡಗಿತು. ಪಟ್ಟಿಯಲ್ಲಿದ್ದವನಿಗೆ ತಿಂಗಳಲ್ಲಿ ಇಂತಿಷ್ಟು ದಿನಗಳ ಕನಿಷ್ಠ ಕೂಲಿಯ ಭರವಸೆ. ಹಾಜರಾಗಿಯೂ ಕೆಲಸ ದೊರೆಯದ ದಿನಕ್ಕೆ ಭತ್ಯೆ. ಹಡಗು ಬಾರದಿರುವುದು ಕೂಲಿಯವನ ತಪ್ಪಲ್ಲವೆಂಬ ಸರಳವಾದ ನ್ಯಾಯಕ್ಕೆ ಕಾನೂನಿನ ಮುದ್ರೆ ಬಿದ್ದುದು ಹೀಗೆ. ಡಿಮೆಲ್ಲೊ ಅವರು 1958ರಲ್ಲಿ ತೀರಿಕೊಂಡರು. ಹಿಂದೆ ಫ್ರಿಯರ್ ರೋಡ್ ಎನಿಸಿದ್ದ, ಬಂದರಿನ ಅಂಚಿನ ರಸ್ತೆಗೆ ಅವರ ಹೆಸರನ್ನಿಡಲಾಗಿದೆ. ಅವರ ತರುವಾಯ ನಾಯಕತ್ವವನ್ನು ವಹಿಸಿದ ಮಂಗಳೂರಿನ ಜಾರ್ಜ್ ಫೆರ್ನಾಂಡಿಸರು ಹೋಟೆಲಿನವರನ್ನೂ, ನಗರಸಭೆಯ ಕೆಲಸಗಾರರನ್ನೂ, ಟ್ಯಾಕ್ಸಿ ಚಾಲಕರನ್ನೂ ಸಂಘಟಿಸಿದುದು ಸರ್ವವಿದಿತ.

ಈ ತತ್ತ್ವವು ಇನ್ನೂ ಒಂದು ಹೆಜ್ಜೆ ಮುಂದುವರಿಯಿತು. 1969ರಲ್ಲಿ ಮಹಾರಾಷ್ಟ್ರವು ಹಮಾಲರು ಮತ್ತು ಮಾಥಾಡಿ ಕಾರ್ಮಿಕರಿಗಾಗಿ, ಅಂದರೆ ತಲೆಹೊರೆಯ ದುಡಿಮೆಗಾರರಿಗಾಗಿ, ಪ್ರತ್ಯೇಕ ಕಾಯಿದೆಯನ್ನು ಮಾಡಿತು. ಅದರ ಹಿಂದೆ ಅಣ್ಣಾಸಾಹೇಬ ಪಾಟೀಲರ ದೀರ್ಘಕಾಲದ ಸಂಘಟನೆಯಿದ್ದಿತು. ಯಾವೊಬ್ಬ ಮಾಲಿಕನಿಗೂ ಸೇರದ ಹಮಾಲನಿಗೆ ಮಂಡಳಿಯೇ ಮಾಲಿಕನ ಸ್ಥಾನದಲ್ಲಿ ನಿಂತು, ಕೂಲಿಯನ್ನು ವಸೂಲು ಮಾಡಿ ಕೊಡುವುದೂ ಭವಿಷ್ಯನಿಧಿಯನ್ನು ಕಟ್ಟುವುದೂ ಈ ಕಾಯಿದೆಯ ವಿಶೇಷ.

ಆದರೂ ಗಿರಣಿಯಲ್ಲಿಯೂ ಬಂದರಿನಲ್ಲಿಯೂ ಮೂರನೆಯ ಅನುಕೂಲತೆ, ಅಂದರೆ ಕಲಿಕೆ, ಬಹುತೇಕ ಬೆಳೆಯಲಿಲ್ಲವೆಂಬುದನ್ನು ಗಮನಿಸಬೇಕು. ಅಲ್ಲಿ ಕೆಲಸವು ಭದ್ರವಾಯಿತು. ಕೆಲಸಗಾರನು ಮಾತ್ರ ಇದ್ದಲ್ಲಿಯೇ ಇದ್ದನು. ಇದಕ್ಕೆ ತೀರ ವಿರುದ್ಧವಾದ ಚಿತ್ರವನ್ನು ಹೋಟೆಲುಗಳಲ್ಲಿ ಕಾಣುತ್ತೇವೆ.

4. ಹೋಟೆಲಿನ ಮಾಣಿ ಮತ್ತು ರಾತ್ರಿ ಶಾಲೆ

ರಾತ್ರಿ ಶಾಲೆಯ ಕಲ್ಪನೆಯು ನಮ್ಮ ಜನರು ಹುಟ್ಟಿಸಿದುದಲ್ಲ. ಜೋತಿರಾವ್ ಹಾಗೂ ಸಾವಿತ್ರಿಬಾಯಿ ಫುಲೆ ದಂಪತಿಗಳು 1855ರಲ್ಲಿಯೇ ಪುಣೆಯಲ್ಲಿ ರೈತರಿಗೂ ಕೂಲಿಕಾರರಿಗೂ ರಾತ್ರಿ ಶಾಲೆಯನ್ನು ತೆರೆದಿದ್ದರು. ಮುಂಬಯಿಯಲ್ಲಿ ಪ್ರಾರ್ಥನಾ ಸಮಾಜವು 1876ರಲ್ಲಿ ದುಡಿಯುವ ಜನರ ರಾತ್ರಿ ಶಾಲೆಗಳನ್ನು ಪ್ರಾರಂಭಿಸಿತು. 1911ರಲ್ಲಿ ಎನ್. ಎಂ. ಜೋಶಿಯವರು ಸ್ಥಾಪಿಸಿದ ಸೋಶಿಯಲ್ ಸರ್ವಿಸ್ ಲೀಗ್ ಗಿರಣಿಗಾಂವದಲ್ಲಿ ರಾತ್ರಿ ಶಾಲೆಗಳನ್ನೂ ವಾಚನಾಲಯಗಳನ್ನೂ ನಡೆಸಿತು.

ಈ ಪರಂಪರೆಯಲ್ಲಿ ಕನ್ನಡಿಗರು ವಿಶೇಷವಾಗಿ ನೆನೆಯಬೇಕಾದ ಹೆಸರು ವಿಠ್ಠಲ ರಾಮಜಿ ಶಿಂದೆಯವರದು. 1873ರಲ್ಲಿ ಜಮಖಂಡಿಯಲ್ಲಿ ಹುಟ್ಟಿದ ಅವರು 1906ರ ಅಕ್ಟೋಬರ್ 18ರಂದು ಮುಂಬಯಿಯಲ್ಲಿ ನಿಮ್ನವರ್ಗಗಳ ಮಿಶನ್ನನ್ನು ಸ್ಥಾಪಿಸಿ, ಪರೇಲಿನಲ್ಲಿ ಮೊದಲ ಶಾಲೆಯನ್ನು ತೆರೆದರು. ಅದರ ಅಧ್ಯಕ್ಷರಾಗಿದ್ದವರು ಹೊನ್ನಾವರದಲ್ಲಿ ಹುಟ್ಟಿದ ನ್ಯಾಯಮೂರ್ತಿ ನಾರಾಯಣ ಗಣೇಶ ಚಂದಾವರ್ಕರರು. ಈ ಮಿಶನ್ನಿನ ಉದ್ದೇಶಗಳಲ್ಲಿ ಮೊದಲನೆಯದು ಶಿಕ್ಷಣದ ಪ್ರಸಾರ. ಎರಡನೆಯದು ಕೆಲಸಗಳನ್ನು ದೊರಕಿಸಿಕೊಡುವುದು. ಶಿಕ್ಷಣವನ್ನೂ ಉದ್ಯೋಗವನ್ನೂ ಒಂದೇ ಉಸಿರಿನಲ್ಲಿ ಹೇಳಿದ ಈ ದೂರದೃಷ್ಟಿ ಆ ಕಾಲಕ್ಕೆ ಅಸಾಮಾನ್ಯವಾದುದು. ನಮ್ಮ ಹೆಚ್ಚಿನ ಸಂಘಗಳು ಹುಟ್ಟುವುದಕ್ಕೆ ಇಪ್ಪತ್ತು ವರ್ಷ ಮುಂಚೆ, ಸಮಾಜದ ತೀರ ಕೆಳಗಣ ಮೆಟ್ಟಿಲಿನಲ್ಲಿದ್ದವರಿಗಾಗಿ ಕನ್ನಡ ನೆಲದ ಇಬ್ಬರು ಈ ಕಾರ್ಯಕ್ಕೆ ಕೈಯಿಕ್ಕಿದ್ದರೆಂಬುದನ್ನು ನಾವು ಬಹುಮಟ್ಟಿಗೆ ಮರೆತಿದ್ದೇವೆ.

ಕರಾವಳಿಯ ಸಮಾಜಗಳ ಸಂಘಗಳು ಫೋರ್ಟ್ ಮೊದಲಾದ ಕಡೆಗಳಲ್ಲಿ ಕನ್ನಡ ರಾತ್ರಿ ಶಾಲೆಗಳನ್ನು ನಡೆಸಿದುವು. ಹಗಲು ಕಚೇರಿಯಲ್ಲಿ ಕಾರಕೂನರಾಗಿದ್ದವರು ಸಂಜೆ ಅಲ್ಲಿ ಶಿಕ್ಷಕರಾಗುತ್ತಿದ್ದರು. ಪಾಠವು ಕನ್ನಡದಲ್ಲಿ ಆರಂಭವಾಗಿ ಇಂಗ್ಲಿಷಿಗೆ ಸಾಗುತ್ತಿತ್ತು. ಊರಿನಲ್ಲಿ ನಾಲ್ಕನೆಯ ತರಗತಿಗೆ ಬಿಟ್ಟ ಹುಡುಗನು ಬಿಟ್ಟಲ್ಲಿಂದ ಹಿಡಿಯುವುದಕ್ಕೆ ಇದೊಂದೇ ದಾರಿ. ಮೆಟ್ರಿಕ್ ಮುಗಿಸಿದವನಿಗೆ ಕಾರಕೂನಿಕೆ ದೊರೆಯುತ್ತಿತ್ತು. ಮುಗಿಸಲಾರದವನೂ ಲೆಕ್ಕ ಬರೆಯಲು ಕಲಿತು ಅಡಿಗೆಮನೆಯಿಂದ ಗಲ್ಲಾಕ್ಕೆ ಬರುತ್ತಿದ್ದನು. ಗಲ್ಲಾದಲ್ಲಿ ಕುಳಿತವನಿಗೆ ಹೋಟೆಲಿನ ವ್ಯವಹಾರದ ಒಳಗುಟ್ಟು ತಿಳಿಯುತ್ತಿತ್ತು. ಅಲ್ಲಿಂದ ಸ್ವಂತ ಅಂಗಡಿಗೆ ಬೇಕಾದುದು ಬಂಡವಾಳ. ಅದನ್ನು ಮೊದಮೊದಲು ಬಂಧುಬಳಗದವರೂ, ಮುಂದೆ ಸಹಕಾರಿ ಸಂಸ್ಥೆಗಳೂ ಒದಗಿಸಿದುವು. ಬಿಲ್ಲವರ ಅಸೋಸಿಯೇಶನ್ನಿನ ಪ್ರಯತ್ನದಿಂದ 1978ರಲ್ಲಿ ಹುಟ್ಟಿದ ಭಾರತ್ ಕೋ-ಆಪರೇಟಿವ್ ಬ್ಯಾಂಕ್ ಇದಕ್ಕೆ ಒಳ್ಳೆಯ ನಿದರ್ಶನ.

ಆದರೆ ಶಾಲೆಗೆ ಹೋಗುವ ಹೊತ್ತು ಎಲ್ಲಿಂದ ಬಂದಿತು? ಇದನ್ನು ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ. 1939ರ ಮುಂಬಯಿ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯು ಹೋಟೆಲಿನ ದುಡಿಮೆಯನ್ನು ಮೊದಲ ಬಾರಿಗೆ ಕಾನೂನಿನ ಕಟ್ಟಿಗೆ ಒಳಪಡಿಸಿತು. ಅದರ ಸ್ಥಾನದಲ್ಲಿ ಬಂದ 1948ರ ಕಾಯಿದೆಯು ಉಪಾಹಾರಗೃಹದ ಕೆಲಸಗಾರನಿಗೆ ದಿನಕ್ಕೆ 9 ಗಂಟೆಗಳ ದುಡಿಮೆಯನ್ನೂ ವಾರಕ್ಕೊಂದು ರಜೆಯನ್ನೂ ಗೊತ್ತುಪಡಿಸಿತು. ಆದರೆ ಆ 9 ಗಂಟೆಗಳನ್ನು 14 ಗಂಟೆಗಳ ಹರವಿನಲ್ಲಿ ಹಂಚಬಹುದೆಂದೂ ಹೇಳಿತು. ಅಂಗಡಿಯ ಕೆಲಸಗಾರನಿಗೆ ಈ ಹರವು 11 ಗಂಟೆ ಮಾತ್ರ. ವ್ಯವಹಾರದಲ್ಲಿ ಇದರ ಅರ್ಥವೇನು? ಬೆಳಗ್ಗೆ ಆರಕ್ಕೆ ಒಲೆಯ ಮುಂದೆ ನಿಂತವನಿಗೆ ಮಧ್ಯಾಹ್ನದಲ್ಲಿ ಬಿಡುವು. ಸಂಜೆಯ ಗಿರಾಕಿ ಬರುವ ವೇಳೆಗೆ ಮತ್ತೆ ಕೆಲಸ. ಬಿಡುಗಡೆಯು ರಾತ್ರಿ ಎಂಟಕ್ಕೆ. ರಾತ್ರಿ ಶಾಲೆಯ ಗಂಟೆ ಬಾರಿಸುವುದಾದರೋ ಸಂಜೆಯಲ್ಲಿಯೇ. ಕಾನೂನು ಅವನಿಗೆ ಹೊತ್ತನ್ನು ಕೊಟ್ಟಿತು, ಆದರೆ ಕಲಿಯುವ ಹೊತ್ತನ್ನು ಕೊಡಲಿಲ್ಲ.

ಅದನ್ನು ಕೊಡಬಲ್ಲವನು ಧಣಿ ಮಾತ್ರ. ಧಣಿಯು ಸಾಮಾನ್ಯವಾಗಿ ಊರಿನವನು, ಜಾತಿಯವನು, ಕೆಲವೊಮ್ಮೆ ಸೋದರಮಾವ. ಹುಡುಗನು ಹೋಟೆಲಿನಲ್ಲಿಯೇ ಉಣ್ಣುತ್ತಿದ್ದನು. ಕೊನೆಯ ಗಿರಾಕಿ ಹೋದ ಮೇಲೆ ಅಲ್ಲಿಯೇ ಮೇಜುಗಳ ನಡುವೆ ಮಲಗುತ್ತಿದ್ದನು. ಸಂಬಳದ ಬಹುಭಾಗವು ಧಣಿಯ ಕೈಯಿಂದಲೇ ಊರಿಗೆ ಹೋಗುತ್ತಿತ್ತು. ಇಂಥ ಸಂಬಂಧದಲ್ಲಿ ರಕ್ಷಣೆಯೂ ಇತ್ತು, ಬಂಧನವೂ ಇತ್ತು. ಊರಿನ ಹುಡುಗನನ್ನು ಧಣಿಯು ಸುಲಭವಾಗಿ ಹೊರಗೆ ಹಾಕುತ್ತಿರಲಿಲ್ಲ. ಆದರೆ ಕೆಲಸ ಹೋದರೆ ಊಟವೂ ಸೂರೂ ಒಂದೇ ಸಲಕ್ಕೆ ಹೋಗುವುದರಿಂದ ಹುಡುಗನೂ ಬಾಯಿಬಿಡುವಂತಿರಲಿಲ್ಲ. ಸಂಜೆ ಆರಕ್ಕೆ ‘ಹೋಗು ಮಾಣಿ, ಶಾಲೆಗೆ ಹೊತ್ತಾಯಿತು’ ಎಂದು ಕಳುಹಿಸಿದ ಧಣಿಗಳು ಅನೇಕರಿದ್ದರು. ಅವರ ಉದಾರತೆಯನ್ನು ನಾವು ಕೃತಜ್ಞತೆಯಿಂದ ಸ್ಮರಿಸಬೇಕು. ಕಳುಹಿಸದಿದ್ದವರೂ ಇದ್ದರು. ಅಂಥವರ ಕೈಕೆಳಗಿದ್ದ ಹುಡುಗನು ಎಷ್ಟೇ ಚುರುಕಾಗಿರಲಿ, ಅವನ ಪಾಲಿಗೆ ಶಾಲೆ ಇರಲಿಲ್ಲ. ಲೇಖನದ ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಉತ್ತರವು ಬಹುಮಟ್ಟಿಗೆ ಇಲ್ಲಿದೆ. ಒಂದೇ ನಲ್ಲಿಯ ಕೆಳಗೆ ತಟ್ಟೆ ತೊಳೆದ ಇಬ್ಬರ ನಡುವಣ ಅಂತರವು ಶ್ರದ್ಧೆಯದು ಮಾತ್ರವಲ್ಲ. ಎಷ್ಟೋ ವೇಳೆ ಅದು ಸಂಜೆಯ ಎರಡು ಗಂಟೆಗಳದು.

ಇನ್ನೊಂದು ಮಾತನ್ನೂ ಮುಚ್ಚಿಡಲಾಗದು. ಈ ವ್ಯವಸ್ಥೆಯು ಸಂಘವಿದ್ದವರಿಗೆ, ಧಣಿಯಿದ್ದವರಿಗೆ, ಗಂಡುಮಕ್ಕಳಿಗೆ ದೊರೆತುದು. ಸಂಘವಿಲ್ಲದ ಜಾತಿಗಳವರಿಗೂ, ಕಟ್ಟಡದ ಕೆಲಸಕ್ಕೆ ಬಂದ ಬಯಲುಸೀಮೆಯ ಕುಟುಂಬಗಳಿಗೂ, ಹೆಂಗಸರಿಗೂ ಅದು ಬಹುತೇಕ ಹೊರಗಿನದಾಗಿಯೇ ಉಳಿಯಿತು. ನಮ್ಮ ಕಥೆಯ ನಾಯಕನೂ ಇಂದು ಆ ರೂಪದಲ್ಲಿ ಇರಲಾರನು. 2006ರ ಅಕ್ಟೋಬರ್ 10ರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೋಟೆಲಿನಲ್ಲಿಯೂ ಮನೆಗೆಲಸದಲ್ಲಿಯೂ ದುಡಿಸುವುದು ನಿಷಿದ್ಧವಾಯಿತು. ನಾವು ಸನ್ಮಾನದ ವೇದಿಕೆಯಲ್ಲಿ ಕೊಂಡಾಡುವ ಬಾಲ್ಯವು ಕಾನೂನಿನ ಕಣ್ಣಿನಲ್ಲಿ ಒಂದು ಅಪರಾಧಕ್ಕೆ ಗುರಿಯಾದ ಬಾಲ್ಯವೆಂಬುದನ್ನು ನೆನೆದರೆ ಆ ಕೊಂಡಾಟದ ಧ್ವನಿ ಸ್ವಲ್ಪ ತಗ್ಗಬೇಕಾಗುತ್ತದೆ.

5. 1982ರ ಪಾಠ

ಹೋಟೆಲಿನಲ್ಲಿ ಕಲಿಕೆಯಿದ್ದು ಭರವಸೆಯಿರಲಿಲ್ಲ. ಗಿರಣಿಯಲ್ಲಿ ಭರವಸೆಯಿದ್ದು ಕಲಿಕೆಯಿರಲಿಲ್ಲ. ಈ ಎರಡನೆಯ ಕೊರತೆಯ ಬೆಲೆ ಏನೆಂಬುದು 1982ರಲ್ಲಿ ತಿಳಿಯಿತು. ಆ ವರ್ಷದ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಅದು ವಿಧ್ಯುಕ್ತವಾಗಿ ಮುಗಿಯಲೇ ಇಲ್ಲ. ಅನೇಕ ಗಿರಣಿಗಳು ಮತ್ತೆ ಮೊದಲಿನಂತೆ ನಡೆಯಲಿಲ್ಲ. ಬೈಕುಲ್ಲಾದ ಖಟಾವ್ ಗಿರಣಿಯೂ ಮುಂದೆ ಮುಚ್ಚಿತು. ಗಿರಣಿಗಳ ಚೀಟಿಯೂ ಪಟ್ಟಿಯೂ ಗಿರಣಿಗಳೊಂದಿಗೇ ಹೋದುವು. ಮುಂಬಯಿಯ ಕಾರ್ಮಿಕ ಜೀವನವನ್ನು ವ್ಯಾಸರಾಯ ಬಲ್ಲಾಳರು ‘ಬಂಡಾಯ’ ಕಾದಂಬರಿಯಲ್ಲಿ ಚಿತ್ರಿಸಿ, 1986ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು ಪಡೆದುದು ನಮ್ಮ ಸಾಹಿತ್ಯಾಭಿಮಾನಿಗಳಿಗೆ ತಿಳಿದ ವಿಷಯ.

ಅದೇ 1986ರಲ್ಲಿ ಕೇಂದ್ರ ಸರ್ಕಾರವು ಮುಚ್ಚಿದ ಗಿರಣಿಗಳ ಕಾರ್ಮಿಕರಿಗಾಗಿ ಪುನರ್ವಸತಿ ನಿಧಿಯೊಂದನ್ನು ಏರ್ಪಡಿಸಿತು. ಮೊದಲ ವರ್ಷ ಸಂಬಳದ ನೂರಕ್ಕೆ 75, ಎರಡನೆಯ ವರ್ಷ 50, ಮೂರನೆಯ ವರ್ಷ 25ರಂತೆ ನೆರವು. ಬಳಿಕ ಏನೂ ಇಲ್ಲ. ಇದರ ಹಿಂದಿನ ತರ್ಕವು ಸ್ಪಷ್ಟವಾಗಿದೆ: ನೆರವು ಇಳಿಯುತ್ತ ಹೋದಂತೆ ಮನುಷ್ಯನು ತಾನಾಗಿ ಬೇರೆ ಕೆಲಸ ಹುಡುಕಿಕೊಳ್ಳುವನೆಂಬುದು. ಆದರೆ ಮೂವತ್ತು ವರ್ಷ ಒಂದೇ ಮಗ್ಗದ ಮುಂದೆ ನಿಂತವನು ಮೂರು ವರ್ಷಗಳಲ್ಲಿ ಏನನ್ನು ಕಲಿಯಬೇಕು, ಯಾರು ಕಲಿಸಬೇಕು? ಅಲ್ಲದೆ, ನೋಂದಾಯಿತವಾದ ಬೇರೊಂದು ಉದ್ಯಮದಲ್ಲಿ ಕೆಲಸಕ್ಕೆ ಸೇರಿದೊಡನೆ ಈ ನೆರವಿನ ಅರ್ಹತೆಯು ಕೊನೆಗೊಳ್ಳುತ್ತಿತ್ತು. ಕಡಿಮೆ ಸಂಬಳದ ಕಾಯಂ ಕೆಲಸವನ್ನು ಒಪ್ಪಿ ನೆರವನ್ನು ಕಳೆದುಕೊಳ್ಳುವುದೋ, ನೆರವು ಮುಗಿಯುವವರೆಗೆ ಲೆಕ್ಕಕ್ಕೆ ಸಿಗದ ಕೂಲಿಯನ್ನು ಮಾಡುವುದೋ ಎಂಬ ಸಂದಿಗ್ಧದಲ್ಲಿ ಕೂಲಿಕಾರನು ಎರಡನೆಯದನ್ನು ಆರಿಸಿಕೊಂಡರೆ ಅವನನ್ನು ದೂಷಿಸುವವರು ಯಾರು? ಕಾವಲುಗಾರರಾಗಿ, ತರಕಾರಿಯ ಗಾಡಿ ತಳ್ಳುವವರಾಗಿ ನುರಿತ ನೇಕಾರರು ಚದುರಿಹೋದರು. ನೆರವಿತ್ತವರು ನೆರವನ್ನೇ ಪುನರ್ವಸತಿಯೆಂದು ಭಾವಿಸಿದರೆ ಆಗುವ ಪರಿಣಾಮವಿದು.

6. ಇಂದಿನ ಪ್ರಶ್ನೆ

ಇತಿಹಾಸವು ಕಳೆದುದರ ಲೆಕ್ಕವಾಗಿ ಮಾತ್ರ ಉಳಿಯಬಾರದು. ಮುಂಬಯಿಗೆ ಬರುವ ಕನ್ನಡದ ದುಡಿಮೆಗಾರನು ಈಗ ಬದಲಾಗಿದ್ದಾನೆ. ಕರಾವಳಿಯ ಹುಡುಗರು ಹೋಟೆಲಿನ ಕೆಲಸಕ್ಕೆ ಬರುವುದು ಬಹಳ ಕಡಿಮೆಯಾಗಿದೆ. ಕಲಬುರ್ಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳ ಒಣಭೂಮಿಯಿಂದ ಗಂಡು ಹೆಣ್ಣು ಮಕ್ಕಳು ಒಟ್ಟಾಗಿ ಕಟ್ಟಡದ ಕೆಲಸಕ್ಕೆ ಬರುತ್ತಾರೆ. ಮುಂಜಾನೆ ನಾಕಾಗಳಲ್ಲಿ ಗುಂಪಾಗಿ ನಿಂತು ಗುತ್ತಿಗೆದಾರನ ಕರೆಗಾಗಿ ಕಾಯುತ್ತಾರೆ. ನೂರು ವರ್ಷಗಳ ಹಿಂದೆ ಗಿರಣಿಯ ಬಾಗಿಲಲ್ಲಿ ನಿಂತಿದ್ದ ಬದಲಿಯವನೇ ಮತ್ತೆ ಬಂದು ನಿಂತಂತೆ ಕಾಣುತ್ತದೆ. ಮುಕದ್ದಮನ ಹೆಸರು ಮಾತ್ರ ಬೇರೆ.

ಕಾನೂನು ಇಲ್ಲವೆಂದಲ್ಲ. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಕಾಯಿದೆಯಾಯಿತು. ಕಟ್ಟಡಗಳ ಮೇಲೆ ಕರ ವಿಧಿಸಿ ಕಲ್ಯಾಣನಿಧಿಯನ್ನು ಕೂಡಿಸಲಾಯಿತು. ಆದರೆ ಅದರ ಫಲಾನುಭವಿಯಾಗಲು ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿರಬೇಕೆಂಬ ನಿಯಮವನ್ನು ಆ ಕಾಯಿದೆ ವಿಧಿಸಿತು. ಇಂದು ಒಬ್ಬ ಗುತ್ತಿಗೆದಾರ, ನಾಳೆ ಇನ್ನೊಬ್ಬ, ಮಳೆಗಾಲದಲ್ಲಿ ಊರು. ಇಂಥವಳಿಗೆ 90 ದಿನಗಳ ದಾಖಲೆಯನ್ನು ಬರೆದುಕೊಡುವವರು ಯಾರು? ಹಣವು ನಿಧಿಯಲ್ಲಿದ್ದು, ಅರ್ಹಳಾದವಳು ನಾಕಾದಲ್ಲಿದ್ದು, ನಡುವೆ ಒಂದು ಕಾಗದವಿಲ್ಲದ ಸ್ಥಿತಿ ಇದು. ಹೋಟೆಲು ಅಂಗಡಿಗಳ ವಿಷಯದಲ್ಲಿಯೂ 1948ರ ಕಾಯಿದೆಯ ಸ್ಥಾನದಲ್ಲಿ ಬಂದ 2017ರ ಕಾಯಿದೆಯು ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಸಂಸ್ಥೆಗಳನ್ನು ಅದರ ಮುಖ್ಯ ನಿಬಂಧನೆಗಳಿಂದ ಹೊರಗಿಟ್ಟಿತು. ಚಿಕ್ಕ ಅಂಗಡಿಯ ಮಾಣಿಯ ಸಂಜೆ ಹೀಗೆ ಮತ್ತೆ ಧಣಿಯ ಮರ್ಜಿಗೆ ಬಿದ್ದಿತು.

ಈ ಸಂದರ್ಭದಲ್ಲಿ ನಮ್ಮ ಸಂಘಗಳ ಕರ್ತವ್ಯವೇನು? ಕನ್ನಡ ಮಾಧ್ಯಮದ ಶಾಲೆಗಳು ಕ್ಷೀಣಿಸುತ್ತಿರುವುದನ್ನು ಕುರಿತು ನಾವು ಠರಾವುಗಳನ್ನು ಸ್ವೀಕರಿಸುತ್ತೇವೆ; ರಾತ್ರಿ ಶಾಲೆಗಳು ಮುಚ್ಚಿದಾಗ ವಿದ್ಯಾರ್ಥಿಗಳಿಲ್ಲವೆಂದು ಸಮಾಧಾನ ಹೇಳಿಕೊಳ್ಳುತ್ತೇವೆ. ವಿದ್ಯಾರ್ಥಿಗಳು ಇಲ್ಲದಿಲ್ಲ, ಅವರು ಬೇರೆ ಕಡೆ ನಿಂತಿದ್ದಾರೆ, ಬೇರೆ ಸಂಗತಿಯನ್ನು ಕಲಿಯಬೇಕಾಗಿದ್ದಾರೆ. ಗಾರೆ ಹೊರುವವಳು ಗಾರೆಕೆಲಸದವಳಾಗುವುದು ಹೇಗೆ, ದಿನಗೂಲಿಯ ದಾಖಲೆಯನ್ನು ಇಡುವುದು ಹೇಗೆ, ಅರ್ಜಿಯ ಮರಾಠಿಯನ್ನು ಓದುವುದು ಹೇಗೆ ಎಂಬುದನ್ನು ಕನ್ನಡದಲ್ಲಿ ಹೇಳಿಕೊಡುವವರು ಬೇಕು. ಆ ಹೊತ್ತಿನಲ್ಲಿ ಅವಳ ಕೂಸನ್ನು ನೋಡಿಕೊಳ್ಳುವವರೂ ಬೇಕು. ಇಲ್ಲವಾದರೆ ಪಾಠವೂ ಇಲ್ಲ, ಕೆಲಸವೂ ಇಲ್ಲ. ಕಾರಕೂನರು ಸಂಜೆ ಶಿಕ್ಷಕರಾದ ಕಾಲವೊಂದಿದ್ದಿತು. ನಮ್ಮಲ್ಲಿ ನಿವೃತ್ತರಾದ ಬ್ಯಾಂಕಿನವರು, ವಕೀಲರು, ಇಂಜಿನಿಯರರು, ಪ್ರಾಧ್ಯಾಪಕರು ಬೇಕಾದಷ್ಟು ಮಂದಿ ಇದ್ದಾರೆ. ಅವರಲ್ಲಿ ಎಷ್ಟೋ ಮಂದಿ ಆ ಸಂಜೆಗಳ ಋಣವನ್ನು ಹೊತ್ತವರು.

ಬೈಕುಲ್ಲಾದ ಆ ಹಳೆಯ ತಾಂತ್ರಿಕ ವಿದ್ಯಾಲಯದ ಕಟ್ಟಡದ ಮುಂದೆ ಇಂದಿಗೂ ಬೆಳಗಿನ ಜಾವ ದುಡಿಮೆಗಾರರು ನಡೆದುಹೋಗುತ್ತಾರೆ. ಮೂರು ಅನುಕೂಲತೆಗಳೂ ಒಂದೆಡೆ ಕೂಡಿದಾಗ ಏನಾಗಬಲ್ಲುದೆಂಬುದಕ್ಕೆ ನಾವೇ ಸಾಕ್ಷಿಗಳು. ಕೂಡದಿದ್ದಾಗ ಏನಾಯಿತೆಂಬುದಕ್ಕೂ ಸಾಕ್ಷಿಗಳು ಇದ್ದಾರೆ, ಅವರ ಹೆಸರುಗಳು ನಮ್ಮ ಅಭಿನಂದನ ಗ್ರಂಥಗಳಲ್ಲಿ ಇಲ್ಲ. ಮುಂಬಯಿ ಕನ್ನಡಿಗರ ಇತಿಹಾಸವು ಈ ಎರಡನೆಯವರನ್ನೂ ಒಳಗೊಂಡಾಗ ಮಾತ್ರ ಪೂರ್ಣವೆನಿಸೀತು.